ಮಲೇರಿಯಾ ಪರೀಕ್ಷೆಗೆ ಎಷ್ಟು ಕೊಡುತ್ತೀರಿ?

ಆಗ್ನೇಯ ನೈಜೀರಿಯಾದ ಇಗ್ಬೊ ಭಾಷೆಯಲ್ಲಿ ಮಲೇರಿಯಾಕ್ಕೆ 'ಇಬಾ' ಅನ್ನುತ್ತಾರೆ. ಮೈ ಕಾದರೂ ಇಬಾ, ಬಾಯಿ ಕಹಿಯಾದರೂ ಇಬಾ, ಹೊಲದಲ್ಲಿ ದುಡಿದು ಕೈಕಾಲು ಸೋತರೂ ಇಬಾ. ನಮ್ಮ 'ಚಳಿಜ್ವರ'ಕ್ಕಿಂತ ಅದರ ಹರವು ದೊಡ್ಡದು. ಇಂಥ ಮಾತಾಡುವ ಮನೆಯ ಬಾಗಿಲಿಗೆ ಹೋಗಿ, "ಇಬಾ ಇದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆಗೆ ಎಷ್ಟು ಕೊಡುತ್ತೀರಿ?" ಎಂದು ಕೇಳಿ ನೋಡಿ. "ಇಬಾ ಬಂದಿರೋದು ನಮಗೇ ಗೊತ್ತಲ್ಲ, ಅದನ್ನ ಹೇಳೋಕೆ ನಿಮಗ್ಯಾಕೆ ದುಡ್ಡು?" ಎಂಬ ಉತ್ತರ ಬರುವುದು ಸಹಜ. ಸಮೀಕ್ಷಕ ಅದನ್ನು 'ಸೊನ್ನೆ' ಎಂದು ಬರೆದುಕೊಳ್ಳುತ್ತಾನೆ. ವರದಿಯಲ್ಲಿ ಅದು 'ಹಳ್ಳಿಯ ಬಡವರಿಗೆ ಕೊಡುವ ಶಕ್ತಿ ಇಲ್ಲ' ಎಂದಾಗುತ್ತದೆ. ಕೆಟ್ಟದ್ದು ಪ್ರಶ್ನೆ, ಬೈಸಿಕೊಂಡದ್ದು ಹಳ್ಳಿ.

ಒಂದು ವಸ್ತುವಿಗೆ ಜನ ಎಷ್ಟು ಕೊಡಲು ಒಪ್ಪುತ್ತಾರೆ ಎಂದು ಅಳೆಯುವ ವಿದ್ಯೆಯಲ್ಲಿ ಮಲೇರಿಯಾ ಪರೀಕ್ಷೆಯಷ್ಟು ತೊಡಕಿನ ವಸ್ತು ಕಡಿಮೆ. ಸೊಳ್ಳೆಪರದೆ ಕೊಂಡರೆ ಕೈಯಲ್ಲಿ ಪರದೆ ಇರುತ್ತದೆ. ಮಾತ್ರೆ ಕೊಂಡರೆ ಹೊಟ್ಟೆಗೆ ಏನೋ ಹೋಗುತ್ತದೆ. ಪರೀಕ್ಷೆಯಲ್ಲಿ ದುಡ್ಡೂ ಹೋಗಿ, ರಕ್ತವೂ ಹೋಗಿ, ಕೊನೆಗೆ ಸಿಗುವುದು ಒಂದು ಮಾತು. ಆ ಮಾತನ್ನು ನಂಬಿದರೆ ಮಾತ್ರ ಅದಕ್ಕೆ ಬೆಲೆ. ಆದ್ದರಿಂದ ಪಕ್ಕದಲ್ಲಿ ಔಷಧಿಯ ಬೆಲೆಯನ್ನಿಡದೆ ಪರೀಕ್ಷೆಗೆ ಒಪ್ಪುವ ಬೆಲೆಯನ್ನು ಮಾತ್ರ ಕೇಳಿದ ಯಾವ ಸಮೀಕ್ಷೆಯನ್ನೂ ನಾನು ಅರ್ಧದಷ್ಟೇ ನಂಬುತ್ತೇನೆ.

ನೈಜೀರಿಯಾವನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಜಗತ್ತಿನ ಮಲೇರಿಯಾ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗ ಈ ಒಂದೇ ದೇಶದವು. ಅಲ್ಲಿ ಆರೋಗ್ಯದ ಖರ್ಚಿನ ಬಹುಪಾಲು ಜನರ ಜೇಬಿನಿಂದಲೇ ಹೋಗುತ್ತದೆ. ಜ್ವರ ಬಂದಾಗ ಮೊದಲು ಹೋಗುವುದು ಬೀದಿಯ 'ಕೆಮಿಸ್ಟ್' ಅಂಗಡಿಗೆ. ಹೆಸರು ಕೆಮಿಸ್ಟ್ ಆದರೂ ಅಲ್ಲಿ ಫಾರ್ಮಸಿಸ್ಟ್ ಇರುವುದಿಲ್ಲ. ಪ್ಯಾಕೆಟ್ ಔಷಧಿ ಮಾರುವ ಪರವಾನಗಿ ಪಡೆದ ವ್ಯಾಪಾರಿ ಇರುತ್ತಾನೆ. 2005ರಲ್ಲಿ ದೇಶ ಕ್ಲೋರೋಕ್ವಿನ್ ಬಿಟ್ಟು ಆರ್ಟಿಮಿಸಿನಿನ್ ಜೊತೆ-ಔಷಧಿಗೆ, ಅಂದರೆ ಎಸಿಟಿಗೆ ಬಂತು. ಔಷಧಿ ದುಬಾರಿಯಾಯಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯಾವ ವಯಸ್ಸಿನವರೇ ಆಗಲಿ ಮಲೇರಿಯಾ ಔಷಧಿಗೆ ಮುಂಚೆ ಪರೀಕ್ಷೆ ಆಗಲಿ ಎಂದಿತು. ಆ ಪರೀಕ್ಷೆಗೆ ಯಾರು ದುಡ್ಡು ಕೊಡಬೇಕು, ಎಷ್ಟು ಎಂಬ ಪ್ರಶ್ನೆ ಅಲ್ಲಿಂದ ದೊಡ್ಡದಾಯಿತು.

ಮೊದಲು ಒಂದು ಲೆಕ್ಕ

ಜ್ವರ ಬಂದಿದೆ. ದಾರಿ ಎರಡು: ಪರೀಕ್ಷೆ ಇಲ್ಲದೆ ಔಷಧಿ ಕೊಳ್ಳುವುದು, ಇಲ್ಲವೇ ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದರೆ ಮಾತ್ರ ಕೊಳ್ಳುವುದು. ಪರೀಕ್ಷೆಯಿಂದ ಉಳಿತಾಯ ಆಗುವುದು ನೆಗೆಟಿವ್ ಬಂದಾಗ ಮಾತ್ರ. ಹಾಗಾಗಿ ನೆಗೆಟಿವ್ ಬರುವ ಸಾಧ್ಯತೆಯನ್ನು ಔಷಧಿಯ ಬೆಲೆಯಿಂದ ಗುಣಿಸಿ. ಪರೀಕ್ಷೆಯ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಮನೆಗೆ ಲಾಭ, ಹೆಚ್ಚಿದ್ದರೆ ನಷ್ಟ.

ಅಂಕಿ ಹಾಕಿ ನೋಡೋಣ. ಇವು ಲೆಕ್ಕಕ್ಕೆಂದು ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ. ಔಷಧಿ 2,000 ನೈರಾ (ನೈಜೀರಿಯಾದ ಹಣ), ಪರೀಕ್ಷೆ 800 ನೈರಾ. ಪೇಟೆಯಲ್ಲಿ ಜ್ವರ ಬಂದ 100 ಮಂದಿಯಲ್ಲಿ 20 ಮಂದಿಗೆ ಮಲೇರಿಯಾ ಎನ್ನಿ. ನೆಗೆಟಿವ್ ಸಾಧ್ಯತೆ 80%, ಉಳಿತಾಯ 1,600. ಪರೀಕ್ಷೆ ಲಾಭಕರ. ಮಳೆಗಾಲದ ಹಳ್ಳಿಯಲ್ಲಿ 100ರಲ್ಲಿ 70 ಮಂದಿಗೆ ಇದ್ದರೆ ನೆಗೆಟಿವ್ ಸಾಧ್ಯತೆ 30%, ಉಳಿತಾಯ 600. ಪರೀಕ್ಷೆ ನಷ್ಟದ ಬಾಬ್ತು. ಇಬ್ಬರ ಆದಾಯ, ಓದು, ತಿಳಿವಳಿಕೆ ಎಲ್ಲ ಒಂದೇ ಇದ್ದರೂ ಹಳ್ಳಿಯವನು ಕಡಿಮೆ ಬೆಲೆ ಹೇಳುವುದೇ ಸರಿ. ಪೇಟೆ-ಹಳ್ಳಿ ವ್ಯತ್ಯಾಸವನ್ನೆಲ್ಲ ಬಡತನದ ತಲೆಗೆ ಕಟ್ಟುವ ವರದಿಗಳಲ್ಲಿ ಈ ಅಂಶ ಕಾಣುವುದಿಲ್ಲ. ಆದ್ದರಿಂದ ಪ್ರಶ್ನಾವಳಿಯ ಜೊತೆಗೆ ಹತ್ತಿರದ ಆರೋಗ್ಯ ಕೇಂದ್ರದ ರಿಜಿಸ್ಟರಿನಿಂದ ಆಯಾ ತಿಂಗಳಲ್ಲಿ ಪರೀಕ್ಷೆ ಮಾಡಿಸಿಕೊಂಡವರೆಷ್ಟು, ಪಾಸಿಟಿವ್ ಎಷ್ಟು ಎಂಬುದನ್ನು ತಪ್ಪದೆ ಬರೆದುಕೊಳ್ಳಿ.

ನಂಬಿಕೆಯನ್ನೂ ಗುಣಿಸಬೇಕು. ನೆಗೆಟಿವ್ ಬಂದರೂ ಅರ್ಧ ಮಂದಿ "ಯಾವುದಕ್ಕೂ ಇರಲಿ" ಎಂದು ಔಷಧಿ ಕೊಳ್ಳುತ್ತಾರೆ ಎನ್ನಿ. ಪೇಟೆಯ 1,600 ಉಳಿತಾಯ 800ಕ್ಕೆ ಇಳಿಯಿತು, ಪರೀಕ್ಷೆಯ ಬೆಲೆಗೆ ಸಮ. ಇನ್ನು ಸರ್ಕಾರವೋ ದಾನಿಗಳೋ ಸಬ್ಸಿಡಿ ಕೊಟ್ಟು ಔಷಧಿಯನ್ನು 500ಕ್ಕೆ ಇಳಿಸಿದರೆ, ನಂಬಿಕೆ ಪೂರ್ತಿ ಇದ್ದರೂ ಪೇಟೆಯ ಉಳಿತಾಯ 400. 800 ಕೊಟ್ಟು 400 ಉಳಿಸುವವರು ಯಾರು? 2010ರ ನಂತರ ಕೆಲ ವರ್ಷ ನೈಜೀರಿಯಾ, ಕೆನ್ಯಾ, ಘಾನಾ ಮೊದಲಾದ ದೇಶಗಳಲ್ಲಿ ಎಸಿಟಿಗೆ ಭಾರಿ ಸಬ್ಸಿಡಿ ಬಂದಾಗ ಎದುರಾದ ಇಕ್ಕಟ್ಟು ಇದೇ. ಔಷಧಿ ಅಗ್ಗವಾದಷ್ಟೂ ಪರೀಕ್ಷೆ ದುಬಾರಿ ಅನಿಸತೊಡಗುತ್ತದೆ. ಪಶ್ಚಿಮ ಕೆನ್ಯಾದಲ್ಲಿ ಅರ್ಥಶಾಸ್ತ್ರಜ್ಞರಾದ ಜೆಸ್ಸಿಕಾ ಕೋಹೆನ್, ಪಾಸ್ಕಲಿನ್ ದ್ಯುಪಾ ಮತ್ತು ಸಿಮೋನ್ ಶೇನರ್ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ಹೆಚ್ಚು ಸಬ್ಸಿಡಿಯ ಔಷಧಿಯ ಹತ್ತಿರಹತ್ತಿರ ಅರ್ಧ ಭಾಗ ಮಲೇರಿಯಾ ಇಲ್ಲದವರ ಹೊಟ್ಟೆಗೆ ಹೋಗಿತ್ತು. ಔಷಧಿಯ ಸಬ್ಸಿಡಿಯನ್ನು ಸ್ವಲ್ಪ ಇಳಿಸಿ, ಅಂಗಡಿಯಲ್ಲೇ ಪರೀಕ್ಷೆ ಸಿಗುವಂತೆ ಮಾಡುವುದು ಅವರು ಸೂಚಿಸಿದ ದಾರಿ.

ಇದರ ಇನ್ನೊಂದು ಮುಖ: ಮಲೇರಿಯಾ ಕಡಿಮೆಯಾದಷ್ಟೂ ಪರೀಕ್ಷೆಯ ಮೌಲ್ಯ ಏರುತ್ತದೆ. ನೈಜೀರಿಯಾದ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ಪರೋಪಜೀವಿ ಕಂಡ, 5 ವರ್ಷದೊಳಗಿನ ಮಕ್ಕಳ ಪ್ರಮಾಣ 2010ರಲ್ಲಿ 42% ಇದ್ದದ್ದು 2021ಕ್ಕೆ 22%ಕ್ಕೆ ಇಳಿದಿದೆ. ಜನರ ಮನಸ್ಸಿನ ಲೆಕ್ಕ ಮಾತ್ರ ಹಳೆಯದೇ, ಜ್ವರ ಅಂದರೆ ಇಬಾ. ಹಾಗಾಗಿ ಬೆಲೆ ಕೇಳುವ ಮುನ್ನ ಇನ್ನೊಂದು ಪ್ರಶ್ನೆ ಇರಲಿ: "ನಿಮ್ಮೂರಲ್ಲಿ ಜ್ವರ ಬಂದ ಹತ್ತು ಮಂದಿಯಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಇಬಾ ಇರುತ್ತೆ?" ಹತ್ತು ಬೀನ್ಸ್ ಕಾಳು ಮುಂದಿಟ್ಟು ಎರಡು ಗುಂಪು ಮಾಡಿ ಅಂದರೆ ಅಕ್ಷರ ಬಾರದವರೂ ಥಟ್ಟನೆ ಉತ್ತರಿಸುತ್ತಾರೆ.

ಮಾರುತ್ತಿರುವುದು ಏನು?

'ಮಲೇರಿಯಾ ಪರೀಕ್ಷೆ' ಎಂದರೆ ಕೇಳುವವರ ಮನಸ್ಸಿಗೆ ಬರುವುದು ಲ್ಯಾಬಿನ 'ಎಂಪಿ ಟೆಸ್ಟ್'. ಗಾಜಿನ ಸ್ಲೈಡಿನ ಮೇಲೆ ದಪ್ಪ ಮತ್ತು ತೆಳು ಲೇಪನ, ಒಣಗಿದ ಮೇಲೆ ಜೀಮ್ಸಾ ಬಣ್ಣ (3% ದ್ರಾವಣವಾದರೆ 30ರಿಂದ 45 ನಿಮಿಷ, ತುರ್ತಿದ್ದರೆ 10% ದ್ರಾವಣದಲ್ಲಿ ಸುಮಾರು 10 ನಿಮಿಷ), ಆಮೇಲೆ 100 ಪಟ್ಟಿನ ಆಯಿಲ್ ಲೆನ್ಸಿನಲ್ಲಿ ಕನಿಷ್ಠ 100 ಕ್ಷೇತ್ರಗಳನ್ನು ನೋಡಿಯೇ ನೆಗೆಟಿವ್ ಎನ್ನಬೇಕು. ಸಾಲು ಉದ್ದ ಇದ್ದ ದಿನ 100 ಕ್ಷೇತ್ರ ನೋಡುವ ತಾಳ್ಮೆ ಯಾರಿಗಿದೆ? ಖಾಸಗಿ ಲ್ಯಾಬಿನ ಚೀಟಿಯಲ್ಲಿ ಒಂದು 'ಪ್ಲಸ್' ಬಿದ್ದುಬಿಡುತ್ತದೆ. ಅದರ ಜೊತೆಗೆ ವೈಡಾಲ್ ಎಂಬ ಟೈಫಾಯ್ಡ್ ರಕ್ತಪರೀಕ್ಷೆ ಮಾಡಿ 'ಮಲೇರಿಯಾ-ಟೈಫಾಯ್ಡ್' ಎರಡೂ ಇದೆ ಎನ್ನುವುದು ಅಲ್ಲಿ ಎಷ್ಟು ಸಾಮಾನ್ಯವೆಂದರೆ ಜನ ಅದನ್ನು ಒಂದೇ ರೋಗದ ಹೆಸರಿನಂತೆ ಹೇಳುತ್ತಾರೆ. ವೈಡಾಲ್‌ನ ಈ ಮೋಹ ನಮಗೂ ಹೊಸದಲ್ಲ. ಎಲ್ಲರಿಗೂ ಪಾಸಿಟಿವ್ ಬರುವ ಪರೀಕ್ಷೆಗೆ ಯಾರೂ ಎರಡನೇ ಸಲ ದುಡ್ಡು ಕೊಡುವುದಿಲ್ಲ, ಕೊಡಬಾರದು ಕೂಡ.

ರ‍್ಯಾಪಿಡ್ ಪರೀಕ್ಷೆ, ಅಂದರೆ ಆರ್‌ಡಿಟಿ, ಬೇರೆ ವಸ್ತು. ಬೆರಳ ತುದಿ ಚುಚ್ಚಿ 5 ಮೈಕ್ರೋಲೀಟರ್ ರಕ್ತ, ಪಟ್ಟಿಯ ಇನ್ನೊಂದು ಗುಳಿಗೆ ಬಫರ್, 15 ಅಥವಾ 20 ನಿಮಿಷ ಕಾಯುವುದು, ಗೆರೆ ನೋಡುವುದು. ಮಲೇರಿಯಾದ ಅಪಾಯಕಾರಿ ಬಗೆಯ ಪರೋಪಜೀವಿಯಾದ ಫಾಲ್ಸಿಪಾರಂ ಹುಟ್ಟಿಸುವ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಇದು ಹಿಡಿಯುತ್ತದೆ. ತಪ್ಪು ನುಸುಳುವ ಜಾಗಗಳು ಸಣ್ಣವು. ಒಂದು ಕಂಪನಿಯ ಪಟ್ಟಿಗೆ ಇನ್ನೊಂದು ಕಂಪನಿಯ ಬಫರ್, ಹನಿಯ ಎಣಿಕೆ ತಪ್ಪುವುದು, ಬಫರ್ ಮುಗಿದಾಗ ನೀರು ಹಾಕುವುದು, ಹತ್ತೇ ನಿಮಿಷಕ್ಕೆ ಓದಿ ನೆಗೆಟಿವ್ ಎನ್ನುವುದು, ಗಂಟೆ ಬಿಟ್ಟು ಓದಿ ಮಸುಕು ಗೆರೆಯನ್ನು ಪಾಸಿಟಿವ್ ಎನ್ನುವುದು, ಬೆಳಿಗ್ಗೆಯೇ ಹತ್ತು ಪೊಟ್ಟಣ ಒಡೆದಿಟ್ಟು ತೇವ ಹಿಡಿಸುವುದು. ಕೆಲವು ಕಿಟ್‌ಗಳನ್ನು 30 ಡಿಗ್ರಿ ಒಳಗೆ, ಕೆಲವನ್ನು 40ರ ಒಳಗೆ ಇಡಬೇಕು. ತಗಡಿನ ಚಾವಣಿಯ ಅಂಗಡಿಯಲ್ಲಿ ಮಧ್ಯಾಹ್ನ ಅಷ್ಟರಲ್ಲಿ ನಿಲ್ಲುವುದಿಲ್ಲ.

ಪಾಸಿಟಿವ್ ಅಂದ ಮಾತ್ರಕ್ಕೆ ಈ ಜ್ವರ ಮಲೇರಿಯಾದ್ದೇ ಎಂದೂ ಅಲ್ಲ. ಔಷಧಿ ಮುಗಿಸಿ ಪರೋಪಜೀವಿ ಸತ್ತ ಮೇಲೂ ಎಚ್‌ಆರ್‌ಪಿ-2 ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಸೋಂಕು ಹೆಚ್ಚಿರುವ ಹಳ್ಳಿಗಳಲ್ಲಿ ದೊಡ್ಡವರು ಪರೋಪಜೀವಿ ಇಟ್ಟುಕೊಂಡೇ ಆರಾಮಾಗಿ ಓಡಾಡುತ್ತಾರೆ. ಇವನ್ನೆಲ್ಲ ಪ್ರಶ್ನಾವಳಿಯಲ್ಲಿ ಹೇಳುತ್ತಾ ಕೂತರೆ ಕೇಳುವವರು ಎದ್ದು ಹೋಗುತ್ತಾರೆ. ಆದರೆ ಐದು ವಿಷಯ ಹೇಳಲೇಬೇಕು: ಎಲ್ಲಿ ಚುಚ್ಚುತ್ತಾರೆ, ಎಷ್ಟು ರಕ್ತ, ಎಷ್ಟು ಹೊತ್ತು, ಯಾರು ಮಾಡುತ್ತಾರೆ, ನೆಗೆಟಿವ್ ಬಂದರೆ ಮುಂದೇನು. ಕೊನೆಯದನ್ನು ಹೆಚ್ಚಿನ ತಂಡಗಳು ಮರೆಯುತ್ತವೆ. 'ಮಲೇರಿಯಾ ಇಲ್ಲ' ಎಂಬ ಉತ್ತರ ಕೊಟ್ಟು ಮನೆಗೆ ಕಳಿಸುವ ಪರೀಕ್ಷೆ ಬೇರೆ. 'ಇಲ್ಲ, ಹಾಗಾದರೆ ನರ್ಸ್ ಹತ್ತಿರ ಹೋಗಿ, ಅವರು ನೋಡುತ್ತಾರೆ' ಎನ್ನುವ ಪರೀಕ್ಷೆ ಬೇರೆ. ಎರಡಕ್ಕೂ ಒಂದೇ ಬೆಲೆ ಬರಲಿ ಎಂದು ಬಯಸುವುದು ತಪ್ಪು.

ಮಾತು ಇಗ್ಬೊದಲ್ಲಿದ್ದರೆ 'ಇಬಾ ಪರೀಕ್ಷೆ' ಎನ್ನುವ ಬದಲು 'ಈ ಜ್ವರ ಸೊಳ್ಳೆಯಿಂದ ಬಂದದ್ದೋ ಬೇರೆಯದೋ ಎಂದು ರಕ್ತದಲ್ಲಿ ನೋಡುವುದು' ಎಂದು ಬಿಡಿಸಿ ಹೇಳುವಂತೆ ಅನುವಾದಿಸಬೇಕು. ಒಬ್ಬರು ಇಗ್ಬೊಗೆ, ಇನ್ನೊಬ್ಬರು ಅದನ್ನು ನೋಡದೆ ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿದರೆ ಎಡವಟ್ಟು ಗೊತ್ತಾಗುತ್ತದೆ.

ಕೇಳುವ ಬಗೆ

"ಗರಿಷ್ಠ ಎಷ್ಟು ಕೊಡುತ್ತೀರಿ?" ಎಂದು ನೇರ ಕೇಳುವುದು ಸುಲಭ, ಉಪಯೋಗ ಕಡಿಮೆ. ಜನ 500, 1,000 ಎಂಬ ನೋಟಿನ ಅಂಕಿಗಳನ್ನೇ ಹೇಳುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. "800 ನೈರಾಕ್ಕೆ ಸಿಕ್ಕರೆ ಕೊಳ್ಳುತ್ತೀರಾ, ಇಲ್ಲವಾ?" ಎಂಬ ಹೌದು-ಇಲ್ಲ ಪ್ರಶ್ನೆಯನ್ನು 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ, ರಾಬರ್ಟ್ ಸೋಲೋ ಮುಂದಾಳುತನದ ಅಮೆರಿಕದ ಸಮಿತಿ ಎತ್ತಿಹಿಡಿಯಿತು. ಅಲಾಸ್ಕದ ಎಣ್ಣೆ ಸೋರಿಕೆಯ ನಷ್ಟವನ್ನು ಅಳೆಯುವ ಜಗಳದಿಂದ ಹುಟ್ಟಿದ ಸಮಿತಿ ಅದು. ಸೂಪರ್‌ಮಾರ್ಕೆಟಿನಲ್ಲಿ ಬೆಲೆಪಟ್ಟಿ ನೋಡಿ ಕೊಳ್ಳುವವರಿಗೆ ಅದು ಸಹಜ. ಆಗ್ನೇಯ ನೈಜೀರಿಯಾದ ಎನುಗು ಪಟ್ಟಣದ ಒಗ್ಬೇಟೆ ಮಾರುಕಟ್ಟೆಯಲ್ಲಿ ಹೇಳಿದ ಬೆಲೆಗೆ ಯಾರು ಕೊಳ್ಳುತ್ತಾರೆ? ಚೌಕಾಸಿ ಇಲ್ಲದ ವ್ಯಾಪಾರ ಅಲ್ಲಿ ವ್ಯಾಪಾರವೇ ಅಲ್ಲ. ಇದನ್ನು ಗಮನಿಸಿ, ನೈಜೀರಿಯಾ ವಿಶ್ವವಿದ್ಯಾಲಯದ ಆರೋಗ್ಯ ಅರ್ಥಶಾಸ್ತ್ರಜ್ಞ ಒಬಿನ್ನಾ ಒನ್ವುಜೆಕ್ವೆ 'ರಚಿತ ಚೌಕಾಸಿ' ಎನ್ನಬಹುದಾದ ವಿಧಾನ ರೂಪಿಸಿದರು. ಮಾರುವವನ ಪಾತ್ರದಲ್ಲಿ ಸಮೀಕ್ಷಕ ಬೆಲೆ ಹೇಳುತ್ತಾನೆ, ಕೊಳ್ಳುವವರು ಇಳಿಸುತ್ತಾರೆ, ನಿಯಮಕ್ಕೆ ಕಟ್ಟುಬಿದ್ದ ಹೆಜ್ಜೆಗಳಲ್ಲಿ ಇಬ್ಬರೂ ಒಂದು ಅಂಕಿಗೆ ಬರುತ್ತಾರೆ. ಆ ಅಂಕಿ ಕೊಳ್ಳುವವರ ಮಿತಿ ಆಗಿರಲಿಕ್ಕಿಲ್ಲ, ಆದ್ದರಿಂದ ಕೊನೆಗೆ ಗರಿಷ್ಠ ಎಷ್ಟು ಎಂದು ಕೇಳಬೇಕು. ಸೊಳ್ಳೆಪರದೆಗಳಿಗಾಗಿ ಮಾಡಿದ ಕೆಲಸ ಅದು, ಪರೀಕ್ಷೆಗೂ ಒಗ್ಗುತ್ತದೆ.

ಯಾವ ವಿಧಾನವಾದರೂ ಮೊದಲು ಹೇಳುವ ಬೆಲೆ ಕೊನೆಯ ಉತ್ತರವನ್ನು ಎಳೆಯುತ್ತದೆ. 1,000ದಿಂದ ಶುರು ಮಾಡಿದವರ ಸರಾಸರಿ 300ರಿಂದ ಶುರು ಮಾಡಿದವರದ್ದಕ್ಕಿಂತ ಮೇಲಿರುತ್ತದೆ. ಇದಕ್ಕೆ ಮದ್ದು ಒಂದೇ: ಮೂರೋ ನಾಲ್ಕೋ ಆರಂಭದ ಬೆಲೆಗಳನ್ನಿಟ್ಟು, ಯಾವ ಮನೆಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಅಥವಾ ಟ್ಯಾಬ್ಲೆಟ್ಟಿನಿಂದಲೇ ನಿರ್ಧರಿಸಿ, ಆಮೇಲೆ ಲೆಕ್ಕದಲ್ಲಿ ಅದರ ಪ್ರಭಾವ ಎಷ್ಟೆಂದು ತೋರಿಸುವುದು. ಸಮೀಕ್ಷಕರ ಕೈಗೆ ಆಯ್ಕೆ ಬಿಟ್ಟರೆ ಒಳ್ಳೆಯ ಮನೆ ಕಂಡಲ್ಲಿ ದೊಡ್ಡ ಬೆಲೆಯಿಂದ ಶುರುಮಾಡುತ್ತಾರೆ. ಯಾರ ತಪ್ಪೂ ಅಲ್ಲ, ಮನುಷ್ಯ ಸ್ವಭಾವ.

ಬಾಯಲ್ಲಿ ಹೇಳುವ ದುಡ್ಡು ಧಾರಾಳ. ಮುಂಚೆಯೇ ಎರಡು ಮಾತು ಹೇಳಿ: "ಇಂಥ ಪ್ರಶ್ನೆಗೆ ಜನ ನಿಜವಾಗಿ ಕೊಡುವುದಕ್ಕಿಂತ ಹೆಚ್ಚು ಹೇಳಿಬಿಡುತ್ತಾರೆ. ಈ ದುಡ್ಡು ಕೊಟ್ಟರೆ ಮನೆಯಲ್ಲಿ ಬೇರೆ ಯಾವ ಖರ್ಚು ನಿಲ್ಲುತ್ತೆ ಅಂತ ಯೋಚಿಸಿ ಹೇಳಿ." ಉತ್ತರ ಬಂದ ಮೇಲೆ 1ರಿಂದ 10ರವರೆಗೆ ಎಷ್ಟು ಖಚಿತ ಎಂದು ಕೇಳಿ, 8ಕ್ಕಿಂತ ಕೆಳಗಿನ 'ಹೌದು'ಗಳನ್ನು 'ಇಲ್ಲ' ಎಂದು ಎಣಿಸಿ ಇನ್ನೊಂದು ಲೆಕ್ಕ ಮಾಡಿ. ಎರಡು ಲೆಕ್ಕಗಳ ನಡುವಿನ ಅಂತರ ದೊಡ್ಡದಿದ್ದರೆ ಮೊದಲನೆಯದನ್ನು ಪಕ್ಕಕ್ಕಿಡಿ.

ಇನ್ನೂ ಗಟ್ಟಿ ಬೇಕೆಂದರೆ ನಿಜವಾದ ದುಡ್ಡು, ನಿಜವಾದ ಕೂಪನ್. 1964ರಲ್ಲಿ ಬೆಕರ್, ಡಿಗ್ರೂಟ್, ಮಾರ್ಷಕ್ ವಿವರಿಸಿದ ವಿಧಾನ ಹೀಗೆ: ಚೀಲದಲ್ಲಿ ಬೇರೆ ಬೇರೆ ಬೆಲೆಯ ಚೀಟಿಗಳು. ಮೊದಲು ನೀವು ನಿಮ್ಮ ಗರಿಷ್ಠ ಬೆಲೆ ಹೇಳುತ್ತೀರಿ. ಆಮೇಲೆ ಚೀಟಿ ಎತ್ತುತ್ತೀರಿ. ಚೀಟಿಯ ಬೆಲೆ ನೀವು ಹೇಳಿದ್ದಕ್ಕಿಂತ ಕಡಿಮೆ ಅಥವಾ ಸಮ ಇದ್ದರೆ ಚೀಟಿಯ ಬೆಲೆಗೇ ಕೊಳ್ಳುತ್ತೀರಿ. ಹೆಚ್ಚಿದ್ದರೆ ಆ ಬೆಲೆಗೂ ಕೊಳ್ಳುವಂತಿಲ್ಲ, ಮತ್ತೆ ಚೌಕಾಸಿಯೂ ಇಲ್ಲ. ಕಡಿಮೆ ಹೇಳಿದರೆ ಅವಕಾಶ ತಪ್ಪುತ್ತದೆ, ಹೆಚ್ಚು ಹೇಳಿದರೆ ಬೇಡದ ಬೆಲೆಗೆ ಕೊಳ್ಳಬೇಕಾಗುತ್ತದೆ. ಹಾಗಾಗಿ ನಿಜ ಹೇಳುವುದೇ ಜಾಣತನ. ಇದು ಒಂದೇ ಸಲಕ್ಕೆ ಯಾರಿಗೂ ಅರ್ಥವಾಗುವುದಿಲ್ಲ. ಮೊದಲು ಒಂದು ಸೋಪಿನ ಬಿಲ್ಲೆಯ ಮೇಲೆ ಆಡಿಸಿ, ಆಮೇಲೆ ಪರೀಕ್ಷೆಗೆ ಬನ್ನಿ. ಜ್ವರವಿಲ್ಲದ ದಿನ ಪರೀಕ್ಷೆ ಮಾರಿ ಪ್ರಯೋಜನವಿಲ್ಲವಾದ್ದರಿಂದ ಮುಂದೆ ಜ್ವರ ಬಂದಾಗ ತೋರಿಸಬಹುದಾದ, ಅವಧಿ ನಮೂದಿಸಿದ ಕೂಪನ್ ಕೊಡಬೇಕು. ಎಷ್ಟು ಕೂಪನ್ ವಾಪಸ್ ಬಂದವು ಎಂಬ ಎಣಿಕೆ, ಹೇಳಿದ ಬೆಲೆಗಿಂತ ದೊಡ್ಡ ಸುದ್ದಿ.

ಸೊನ್ನೆ ಹೇಳಿದವರನ್ನು ಅಲ್ಲಿಗೇ ಬಿಡಬೇಡಿ. "ದುಡ್ಡಿಲ್ಲ" ಒಂದು ಸೊನ್ನೆ. "ಪರೀಕ್ಷೆ ಬೇಕಿಲ್ಲ, ಔಷಧಿ ಸಾಕು" ಇನ್ನೊಂದು. "ಸರ್ಕಾರ ಪುಕ್ಕಟೆ ಕೊಡಬೇಕು" ಎನ್ನುವುದು ಪ್ರತಿಭಟನೆಯ ಸೊನ್ನೆ. ಅವರಿಗೆ ಪರೀಕ್ಷೆಯ ಬೆಲೆ ಗೊತ್ತಿದೆ, ಕೊಡುವವರು ಯಾರೆಂಬುದರಲ್ಲಷ್ಟೇ ತಕರಾರು. ಮೂರನೆಯದನ್ನು ಸರಾಸರಿಗೆ ಸೇರಿಸಬೇಡಿ, ಆದರೆ ಎಷ್ಟು ಮಂದಿ ಎಂದು ವರದಿಯಲ್ಲಿ ಹೇಳಿ.

ಯಾರನ್ನು, ಯಾವಾಗ

ಮನೆಯ ಯಜಮಾನನನ್ನೇ ಕೇಳುವುದು ರೂಢಿ. ಮಗುವಿಗೆ ಜ್ವರ ಬಂದಾಗ ಕೆಮಿಸ್ಟ್ ಅಂಗಡಿಗೆ ಓಡುವುದು ತಾಯಿ, ಮತ್ತು ಇಗ್ಬೊ ಮನೆಗಳಲ್ಲಿ ಸಂತೆ ವ್ಯಾಪಾರ ಮಾಡುವ ಹೆಂಗಸಿನ ಗಂಟು ಗಂಡನ ಗಂಟಿಗಿಂತ ಬೇರೆ. ಆದ್ದರಿಂದ ಎರಡು ಪ್ರಶ್ನೆ: ಮಗುವಿಗೆ ಎಷ್ಟು, ದೊಡ್ಡವರಿಗೆ ಎಷ್ಟು. ಎಸಿಟಿಗಳಲ್ಲಿ ಒಂದಾದ ಆರ್ಟಿಮೆಥರ್-ಲ್ಯುಮೆಫ್ಯಾಂಟ್ರಿನ್ ಮಾತ್ರೆಗಳ ಲೆಕ್ಕ ಇಲ್ಲಿ ನೆನಪಿರಲಿ. 5ರಿಂದ 15 ಕೆಜಿಯೊಳಗಿನ ಮಗುವಿಗೆ ಸಲಕ್ಕೆ 1 ಮಾತ್ರೆ, 35 ಕೆಜಿ ದಾಟಿದವರಿಗೆ 4. ದಿನಕ್ಕೆ ಎರಡು ಸಲ, ಮೂರು ದಿನ. ಅಂದರೆ ಮಗುವಿಗೆ 6, ದೊಡ್ಡವರಿಗೆ 24. ಔಷಧಿ ಉಳಿತಾಯ ನೋಡಿದರೆ ಮಗುವಿನ ಪರೀಕ್ಷೆ ಕಡಿಮೆ ಬೆಲೆಯದಾಗಬೇಕು. ಪ್ರೀತಿ, ಹೆದರಿಕೆ ನೋಡಿದರೆ ಹೆಚ್ಚಿನದಾಗಬೇಕು. ಒಂದೇ ಪ್ರಶ್ನೆಯಲ್ಲಿ ಬೆರೆಸಿದರೆ ಯಾವುದೂ ಕಾಣುವುದಿಲ್ಲ.

ಇಗ್ಬೊ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ನ್ಕ್ವೊ. ಊರ ಸಂತೆ ಇವುಗಳಲ್ಲಿ ಒಂದು ದಿನ. ಆ ದಿನ ಮನೆಮನೆಗೆ ಹೋದರೆ ವ್ಯಾಪಾರದ ಹೆಂಗಸರೆಲ್ಲ ಪಟ್ಟಿಯಿಂದ ಜಾರಿಹೋಗುತ್ತಾರೆ; ಮರುದಿನ ಹೋದರೆ ಕೈಯಲ್ಲಿ ದುಡ್ಡಿರುತ್ತದೆ, ಬೆಲೆ ಮೇಲೇರುತ್ತದೆ. ಮಳೆ ಏಪ್ರಿಲ್‌ನಿಂದ ಅಕ್ಟೋಬರ್. ಜ್ವರ ಹೆಚ್ಚುವ ಆ ತಿಂಗಳುಗಳಲ್ಲೇ ಹೊಸ ಯಾಮ್ ಗೆಡ್ಡೆ ಬರುವ ಮುಂಚಿನ ಕೈ ಬರಿದಾದ ಕಾಲವೂ ಇದೆ, ಸೆಪ್ಟೆಂಬರ್‌ನ ಶಾಲೆ ಫೀಸೂ ಇದೆ. ಎನುಗು ಪೇಟೆಯ ಓಗುಯಿ, ಅಬಕ್‌ಪಾ ಬಡಾವಣೆಗಳಲ್ಲಿ ಹಗಲು ಹೋದರೆ ಸಿಗುವುದು ಕೆಲಸವಿಲ್ಲದವರು, ಕಾವಲುಗಾರರು; ಶನಿವಾರ, ಇಲ್ಲವೇ ಸಂಜೆ ಹೋಗಬೇಕು. ಹಳ್ಳಿಯಲ್ಲಿ "ಈಗಲೇ ನಗದು", "ಮುಂದಿನ ಸಂತೆಗೆ ಕೊಡುತ್ತೇನೆ", "ಇಸುಸುದಿಂದ" ಎಂದು ಮೂರು ಬಗೆಯಲ್ಲಿ ಕೇಳಿ. ಇಸುಸು ಅಂದರೆ ನಮ್ಮ ಚೀಟಿಯಂಥದ್ದೇ. ಉದ್ದರಿ ಸಿಗುವುದಾದರೆ ಒಪ್ಪುವವರು ಹೆಚ್ಚುತ್ತಾರೆ. ಕೆಮಿಸ್ಟ್ ಅಂಗಡಿಯ ಗುಟ್ಟು ಇರುವುದೂ ಅಲ್ಲೇ.

ಮನೆಯಲ್ಲಿರುವ ವಸ್ತುಗಳಿಂದ ಬಡವ-ಸ್ಥಿತಿವಂತ ಎಂದು ಮೆಟ್ಟಿಲು ಹಾಕುವ ಆಸ್ತಿಯ ಸೂಚ್ಯಂಕ ಮಾಡುವಾಗ ಪೇಟೆಗೂ ಹಳ್ಳಿಗೂ ಒಂದೇ ಪಟ್ಟಿ ಹಾಕಬೇಡಿ. 'ಐ ಬೆಟರ್ ಪಾಸ್ ಮೈ ನೇಬರ್' ಎಂಬ ಅಡ್ಡಹೆಸರಿನ ಪುಟ್ಟ ಜನರೇಟರ್ ಪೇಟೆಯಲ್ಲಿ ಬಡ ಮಧ್ಯಮದ ಗುರುತು, ಹಳ್ಳಿಯಲ್ಲಿ ಸ್ಥಿತಿವಂತಿಕೆಯದ್ದು. ಒಟ್ಟಿಗೆ ಹಾಕಿದರೆ ಹಳ್ಳಿಯವರೆಲ್ಲ ಕೆಳಗಿನ ಎರಡು ಮೆಟ್ಟಿಲಲ್ಲೇ ಉಳಿಯುತ್ತಾರೆ.

ಎಷ್ಟು ಮನೆ? ಎರಡು ಕಡೆಯ ಸರಾಸರಿಯಲ್ಲಿ ನೀವು ಗುರುತಿಸಬಯಸುವ ವ್ಯತ್ಯಾಸ, ಉತ್ತರಗಳ ಚದುರುವಿಕೆಯ (ಸ್ಟ್ಯಾಂಡರ್ಡ್ ಡಿವಿಯೇಶನ್) ಮೂರನೇ ಒಂದು ಭಾಗ ಎನ್ನಿ. 95% ಖಚಿತತೆ, 80% ಶಕ್ತಿಗೆ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಒಂದೊಂದು ಕಡೆ ಸುಮಾರು 141 ಮನೆ. ಆದರೆ ಒಂದೇ ಬೀದಿಯವರು ಒಂದೇ ಥರ ಉತ್ತರಿಸುತ್ತಾರೆ. ಗುಂಪಿಗೆ 15 ಮನೆ, ಗುಂಪಿನೊಳಗಿನ ಉತ್ತರಗಳ ಒಳಹೋಲಿಕೆ 0.05 ಆದರೆ 1.7ರಿಂದ (1 + 14 × 0.05) ಗುಣಿಸಿ, 240. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲ ಎಂದರೆ 267. ಅಂದರೆ ಪೇಟೆಯಲ್ಲಿ 18 ಗುಂಪು, ಹಳ್ಳಿಗಳಲ್ಲಿ 18 ಗುಂಪು, ತಲಾ 270 ಮನೆ. ಎರಡು ಹಳ್ಳಿ, ಎರಡು ಬಡಾವಣೆ ಹಿಡಿದು ನೂರಾರು ಮನೆ ತುಂಬಿಸುವುದು ಅಗ್ಗ. ಅಂಥ ಸಮೀಕ್ಷೆ ಆ ಎರಡು ಹಳ್ಳಿಗಳ ಬಗ್ಗೆ ಬಿಟ್ಟು ಬೇರೇನೂ ಹೇಳದು.

ಸರಾಸರಿ ಎಂಬ ಬಲೆ

ಹತ್ತು ಮನೆ ಹೇಳಿದ ಬೆಲೆಗಳು ಹೀಗಿವೆ ಎನ್ನಿ: 0, 0, 200, 300, 300, 500, 500, 700, 1,000, 3,000. ಸರಾಸರಿ 650. 'ಜನ 650 ಕೊಡಲು ಸಿದ್ಧ' ಎಂದು ವರದಿಯಾಗುತ್ತದೆ. ಆ ಬೆಲೆ ಇಟ್ಟರೆ ಕೊಳ್ಳುವವರು ಮೂರೇ ಮನೆ, ಬರುವ ಹಣ 1,950. ಬೆಲೆ 500 ಇಟ್ಟರೆ ಐದು ಮನೆ, 2,500. 300 ಇಟ್ಟರೆ ಏಳು ಮನೆ, 2,100. ಈ ಮೂರು ಬೆಲೆಗಳಲ್ಲಿ ಹಣವೇ ಮುಖ್ಯವಾದರೆ 500, ಪರೀಕ್ಷೆ ಹೆಚ್ಚು ಮಂದಿಗೆ ಮುಟ್ಟಬೇಕಾದರೆ 300. ಎರಡರ ನಡುವಿನ ನಷ್ಟ 400 ನೈರಾ ಮಾತ್ರ, ಸಬ್ಸಿಡಿ ಹಾಕಬೇಕಾದ ಜಾಗ ಅದು. ಕೊನೆಯ 3,000ದ ಮನೆಯನ್ನು ತೆಗೆದರೆ ಸರಾಸರಿ 389ಕ್ಕೆ ಕುಸಿಯುತ್ತದೆ. ನಡುವಿನ ಬೆಲೆ (ಮೀಡಿಯನ್) 400 ಇದ್ದದ್ದು 300 ಆಗುತ್ತದಷ್ಟೆ. ಸರಾಸರಿ ಬದಲು ಪ್ರತಿ ಬೆಲೆಗೆ ಎಷ್ಟು ಮನೆ ಉಳಿಯುತ್ತವೆ ಎಂಬ ಮೆಟ್ಟಿಲಿನ ಚಿತ್ರವನ್ನು ಮೊದಲ ಪುಟದಲ್ಲೇ ಹಾಕಿ, ಪೇಟೆಗೊಂದು, ಹಳ್ಳಿಗೊಂದು.

ನೈರಾದ ಅಂಕಿಗೆ ತಿಂಗಳು-ವರ್ಷ ಕಡ್ಡಾಯ. 2023ರ ಜೂನ್‌ನಲ್ಲಿ ವಿನಿಮಯ ನೀತಿ ಬದಲಾಗುವ ಮುಂಚೆ ಡಾಲರಿಗೆ ಸುಮಾರು 460 ಇದ್ದ ನೈರಾ 2024ರಲ್ಲಿ 1,500 ದಾಟಿತು. ಅದೇ 2023ರ ಮೊದಲ ತಿಂಗಳುಗಳಲ್ಲಿ ಹಳೆಯ ನೋಟು ಬದಲಿಸುವ ಗೊಂದಲದಲ್ಲಿ ಕೈಯಲ್ಲಿ ನಗದೇ ಇರಲಿಲ್ಲ. ನಮ್ಮ 2016ರ ನವೆಂಬರ್ ನೆನೆದರೆ ಸಾಕು. ಹಳೆಯ ಅಧ್ಯಯನದ ನೈರಾವನ್ನು ಎತ್ತಿ ಇವತ್ತಿನ ಬೆಲೆ ನಿರ್ಧರಿಸುವುದಕ್ಕಿಂತ, ಆಗಿನ ದಿನಗೂಲಿಯ ಎಷ್ಟು ಪಾಲು ಎಂದು ತಿರುಗಿಸಿಕೊಳ್ಳುವುದು ಮೇಲು.

ಕೊಡುವ ಬೆಲೆ ಗೊತ್ತಾದರೂ ಮಾರುವವನಿಗೆ ಏನು ಗಿಟ್ಟುತ್ತದೆ ಎಂಬುದು ಉಳಿಯುತ್ತದೆ. ದೊಡ್ಡ ಖರೀದಿಯಲ್ಲಿ ಕಿಟ್ ಅಗ್ಗವೇ. ಅದಕ್ಕೆ ಚುಚ್ಚುಸೂಜಿ, ಸ್ಪಿರಿಟ್ ಹತ್ತಿ, ಕೈಗವಸು, ಸೂಜಿ ಹಾಕುವ ಡಬ್ಬಿ, ಅದನ್ನು ಸುಡುವ ವ್ಯವಸ್ಥೆ, ಸಾಗಣೆ, ಅವಧಿ ಮುಗಿದದ್ದು, ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ನಿಯಂತ್ರಣ ಗೆರೆಯೇ ಬಾರದೆ ವ್ಯರ್ಥವಾದದ್ದು, ಮತ್ತು 20 ನಿಮಿಷದ ಕೆಲಸ ಸೇರಿಸಿ. ಎಲ್ಲಕ್ಕಿಂತ ದೊಡ್ಡದು: ನೆಗೆಟಿವ್ ಬಂದರೆ ಅಂಗಡಿಯವನಿಗೆ ಔಷಧಿಯ ವ್ಯಾಪಾರ ಹೋಗುತ್ತದೆ. ಪರೀಕ್ಷೆಯ ಲಾಭ ಔಷಧಿಯ ಲಾಭಕ್ಕೆ ಸಮೀಪ ಇಲ್ಲದಿದ್ದರೆ ಅವನು ಕಿಟ್ ತರಿಸುವುದೂ ಇಲ್ಲ, ತರಿಸಿದರೂ ನೆಗೆಟಿವ್ ಅನ್ನು ಗಟ್ಟಿಯಾಗಿ ಹೇಳುವುದೂ ಇಲ್ಲ. ಹಳ್ಳಿಯಿಂದ ಪರೀಕ್ಷೆಯ ಜಾಗಕ್ಕೆ ಬರಲು 'ಒಕಾಡಾ' ಬೈಕಿಗೋ, ನಮ್ಮ ಬಜಾಜ್ ಆಟೊವೇ ಆದ 'ಕೆಕೆ'ಗೋ ಕೊಡುವ ಬಾಡಿಗೆ ಪರೀಕ್ಷೆಯ ಬೆಲೆಯನ್ನೇ ಮೀರಬಹುದು. ಪ್ರಶ್ನಾವಳಿಯಲ್ಲಿ 'ನಿಮ್ಮ ಊರಲ್ಲೇ' ಮತ್ತು 'ಆರೋಗ್ಯ ಕೇಂದ್ರದಲ್ಲಿ' ಎಂದು ಎರಡು ಬೆಲೆ ಕೇಳಿದರೆ, ಎರಡರ ವ್ಯತ್ಯಾಸ ಬಾಡಿಗೆಗೆ ಹತ್ತಿರ ಬರುತ್ತದೆಯೇ ಎಂದು ನೋಡಿ ಉತ್ತರಗಳ ಪ್ರಾಮಾಣಿಕತೆಯನ್ನೂ ಅಳೆಯಬಹುದು.

ಇದೇ ಪ್ರಶ್ನಾವಳಿಯನ್ನು ಮಂಗಳೂರಿಗೆ ತಂದು ಕನ್ನಡ, ತುಳುವಿಗೆ ತಿರುಗಿಸಿದರೆ ಕೆಲಸಕ್ಕೆ ಬಾರದು. ಇಲ್ಲಿ ಸರ್ಕಾರಿ ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ. ರಕ್ತಲೇಪನ ತೆಗೆದ ಆಶಾ ಕಾರ್ಯಕರ್ತೆಗೆ ಕಾರ್ಯಕ್ರಮವೇ ₹15 ಪ್ರೋತ್ಸಾಹಧನ ಕೊಡುತ್ತದೆ. ಹೆಚ್ಚಿನ ಪ್ರಕರಣ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ. ಮೂರು ದಿನದ ಕ್ಲೋರೋಕ್ವಿನ್ ಅಗ್ಗ, ಹಾಗಾಗಿ ಔಷಧಿ ಉಳಿತಾಯದ ಲೆಕ್ಕದಲ್ಲಿ ಪರೀಕ್ಷೆಯ ಬೆಲೆ ಸೊನ್ನೆಗೆ ಹತ್ತಿರ. ಪರೀಕ್ಷೆಯ ಉಪಯೋಗ ಬೇರೆ ಕಡೆ ಇದೆ: ವೈವಾಕ್ಸ್ ಆದರೆ 14 ದಿನದ ಪ್ರೈಮಾಕ್ವಿನ್ ತಪ್ಪಿಸುವಂತಿಲ್ಲ, ಫಾಲ್ಸಿಪಾರಂ ಆದರೆ ಎಸಿಟಿ, ಎರಡೂ ಅಲ್ಲವಾದರೆ ಡೆಂಗಿ ಇರಬಹುದು. ಕಟ್ಟಡದ ಸ್ಲ್ಯಾಬಿಗೆ ನಿಲ್ಲಿಸಿದ ನೀರು, ತೆರೆದ ಟ್ಯಾಂಕಿಯಲ್ಲಿ ಹುಟ್ಟುವ ಸ್ಟೀಫೆನ್ಸಿ ಸೊಳ್ಳೆ ಮೊದಲು ಕಚ್ಚುವುದು ಅಲ್ಲೇ ಶೆಡ್ಡಿನಲ್ಲಿ ಮಲಗುವ, ಹೊರ ಜಿಲ್ಲೆ ಹೊರ ರಾಜ್ಯಗಳಿಂದ ಬಂದ ಕೂಲಿಯವರನ್ನು. ಅವರು ಪರೀಕ್ಷೆಗೆ ತೆರುವುದು ಗಂಟೆಗಳಲ್ಲಿ. ಹಾಗಾಗಿ ಇಲ್ಲಿ ಬೆಲೆಯ ಬದಲು ಹೊತ್ತನ್ನು ಕೇಳಬೇಕು: ಅರ್ಧ ದಿನದ ಕೂಲಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗುತ್ತೀರಾ, ಕೆಲಸದ ಜಾಗದಲ್ಲೇ ಬೆಳಿಗ್ಗೆ ಎಂಟಕ್ಕೆ ಮುಂಚೆ ಚುಚ್ಚಿ ಸಂಜೆ ಫೋನಿಗೆ ಫಲಿತಾಂಶ ಬಂದರೆ ಸಾಕೇ, ಇಲ್ಲ ದುಡ್ಡು ಕೊಟ್ಟು ಖಾಸಗಿ ಲ್ಯಾಬಿನಲ್ಲಿ ಅರ್ಧ ಗಂಟೆಯಲ್ಲಿ ತಿಳಿಯಬೇಕೇ, ಹಾಗಾದರೆ ಎಷ್ಟಕ್ಕೆ? ಆರಂಭದ ಬೆಲೆ ₹50, ₹100, ₹200, ಮನೆಗೆ ಮನೆ ಬದಲಿಸಿ. ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಕೇಳಬೇಡಿ.